ಆಟದ ಮಾರನೆಯ ಬೆಳಿಗ್ಗೆ

ತಮಾ, ಮೊನ್ನೆ ನೀನು ಬೆಂಗಳೂರಿನಿಂದ ಬಂದು ಜಗುಲಿಯ ಮೇಲೆ ಚೀಲ ಒಗೆದೆಯಲ್ಲ, ಆಗ ನಿನ್ನ ಅಜ್ಜಿಯ ಕಣ್ಣು ಮೊದಲು ಹೋದದ್ದು ನಿನ್ನ ಮಣಿಕಟ್ಟಿನ ಕಾಗದದ ಪಟ್ಟಿಗೆ. ಒಳಗೆ ಬಂದು ಸೆರಗು ಒದ್ದೆ ಮಾಡಿಕೊಂಡಳು. "ಹುಡುಗನನ್ನು ಆಸ್ಪತ್ರೆಗೆ ಸೇರಿಸಿದ್ದರು ಕಾಣ್ತದೆ, ನಮಗೆ ಹೇಳಲೇ ಇಲ್ಲ" ಎಂದಳು. ಅಂಥ ಪಟ್ಟಿಯನ್ನು ಅವಳು ಕಂಡದ್ದು ಆಸ್ಪತ್ರೆಯಲ್ಲಿ ಮಾತ್ರ. ಅದು ಬ್ಯಾಂಡಿನ ಕಾರ್ಯಕ್ರಮಕ್ಕೆ ಒಳಗೆ ಬಿಡುವಾಗ ಕಟ್ಟಿದ್ದು, ಕಾರ್ಯಕ್ರಮ ಮುಗಿದು ಒಂಬತ್ತು ದಿನವಾದರೂ ನೀನು ಬಿಚ್ಚಿಲ್ಲ, ಸ್ನಾನಕ್ಕೆ ಹೋಗುವಾಗ ಕೈಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಳ್ಳುತ್ತೀ ಎಂದು ತಿಳಿದ ಮೇಲೆ ಅಳು ನಿಂತಿತು, ಬೈಗುಳ ಶುರುವಾಯಿತು. ಬೈಗುಳದ ಪಾಲು ನಿನಗೆ ಸಿಕ್ಕಿದೆ, ನಾನು ಮತ್ತೆ ಬಡಿಸುವುದಿಲ್ಲ.

ಆದರೆ ನಿನ್ನ ಅಮ್ಮ ಫೋನು ಮಾಡಿದ್ದಾಳೆ. "ಅಪ್ಪಾ, ನೀನಾದರೂ ಅವನಿಗೆ ನಾಲ್ಕು ಮಾತು ಹೇಳು. ಹಾಸ್ಟೆಲಿಗೆ ಕೊಟ್ಟ ದುಡ್ಡಿನಲ್ಲಿ ಟಿಕೆಟ್ ತೆಗೆದು ಮೂರು ಊರಿಗೆ ಬೆನ್ನುಹತ್ತಿ ಹೋಗಿದ್ದಾನೆ" ಎಂದಳು. ಕಳ್ಳನ ಕೈಗೇ ಕೀಲಿಕೈ ಕೊಡುವುದು ಎಂದರೆ ಇದು. ಅವಳು ಹುಟ್ಟುವ ಹೊತ್ತಿಗೆ ನಾನು ಅಷ್ಟಿಷ್ಟು ಮನುಷ್ಯನಾಗಿದ್ದೆ, ಹಿಂದಿನ ಚರಿತ್ರೆ ಅವಳಿಗೆ ಗೊತ್ತಿಲ್ಲ. ಎದುರಿಗೆ ಕೂರಿಸಿ ಹೇಳೋಣವೆಂದರೆ ನಿನ್ನ ಕಿವಿಯಲ್ಲಿ ಯಾವಾಗಲೂ ಬಿರಡೆ. ಬಿರಡೆಯೊಳಗೆ ಅದೇ ಬ್ಯಾಂಡು. ಹಾಗಾಗಿ ಕಿವಿಮಾತನ್ನೂ ಬರೆದೇ ಕೊಡಬೇಕಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ರಘು ದೀಕ್ಷಿತ್ ಪ್ರಾಜೆಕ್ಟ್ ಮೇಲೆ ನನ್ನದೇನೂ ತಕರಾರಿಲ್ಲ. ಮೊಬೈಲಿನಲ್ಲಿ ನೀನು ತೋರಿಸಿದೆ, ನಾನು ನೋಡಿದೆ. ಮೈಸೂರಿನಲ್ಲಿ ಬೆಳೆದ ಮನುಷ್ಯ, ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ತೆಗೆದುಕೊಂಡವರು, ಭರತನಾಟ್ಯ ಕಲಿತವರು, ಪಂಚೆ ಉಟ್ಟು ಗಿಟಾರ್ ಹಿಡಿದು ಶಿಶುನಾಳ ಶರೀಫರ ಪದ ಹಾಡುತ್ತಾರೆ. 2008ರಲ್ಲಿ ಮೊದಲ ಆಲ್ಬಮ್, 2010ರಲ್ಲಿ ಬಿಬಿಸಿ ಟಿವಿಯಲ್ಲಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಎಂದೆಲ್ಲ ನೀನು ಪಾಠ ಒಪ್ಪಿಸಿದೆ. ಪರೀಕ್ಷೆಗೆ ಇಷ್ಟು ನೆನಪಿಟ್ಟಿದ್ದರೆ ನಿನ್ನ ಅಮ್ಮ ಫೋನು ಮಾಡುತ್ತಿರಲಿಲ್ಲ, ಇರಲಿ. ನಾನು ಸೋತದ್ದು ಬೇರೆಯದಕ್ಕೆ. ಅವರ ಕಾಲಿನಲ್ಲಿ ಗೆಜ್ಜೆ ಇತ್ತು. ಗೆಜ್ಜೆ ಕಂಡರೆ ನಿನ್ನ ಅಜ್ಜ ಅರ್ಧ ಕೆಲಸ ಬಿಟ್ಟು ಎದ್ದು ನಿಲ್ಲುವ ಜಾತಿ.

ನಮ್ಮ ಹುಡುಗಾಟದ ಕಾಲಕ್ಕೆ ಬ್ಯಾಂಡು ಎಂದರೆ ಮದುವೆ ದಿಬ್ಬಣದ ಮುಂದೆ ಊದುವವರು. ಬೆನ್ನುಹತ್ತುವುದಕ್ಕೆ ನಮಗಿದ್ದದ್ದು ಯಕ್ಷಗಾನ ಮೇಳ. ಮಳೆ ಹೋಗಿ, ದೀಪಾವಳಿ ಕಳೆದು, ಗದ್ದೆಯ ಕೊಯ್ಲು ಒಂದು ಹದಕ್ಕೆ ಬರುವಾಗ ಮೇಳಗಳು ತಿರುಗಾಟಕ್ಕೆ ಹೊರಡುತ್ತಿದ್ದವು. ಅಲ್ಲಿಂದ ಮುಂದಿನ ಮಳೆಗಾಲದವರೆಗೆ ದಿನಕ್ಕೊಂದು ಊರು. ಡೇರೆ ಮೇಳ ಅಂಕೋಲೆಗೆ ಬರುತ್ತದೆ ಎಂದರೆ ಎರಡು ದಿನ ಮೊದಲೇ ಮೈಕು ಕಟ್ಟಿದ ಜೀಪು ಹೆದ್ದಾರಿಯಲ್ಲಿ ಕೂಗುತ್ತ ಹೋಗುತ್ತಿತ್ತು, ಬಣ್ಣದ ಚೀಟಿ ಹಾರಿಸುತ್ತಿತ್ತು. ಆ ಚೀಟಿಗಾಗಿ ನಾವು ಬಿದ್ದು ಮಂಡಿ ಕೆತ್ತಿಕೊಂಡಿದ್ದೇವೆ. ಎಡಮಂಡಿಯ ಕಲೆ ಈಗಲೂ ಇದೆ, ಬೇಕಾದರೆ ತೋರಿಸುತ್ತೇನೆ. ನಿನ್ನ ಕಾಗದದ ಪಟ್ಟಿಗಿಂತ ಹೆಚ್ಚು ಬಾಳಿಕೆ ಬಂದಿದೆ.

ನನ್ನ ಹುಚ್ಚಿಗೆ ಹೆಸರು ಗುಂಡ್ಮಿ ಕಾಳಿಂಗ ನಾವಡರು. ನಾರಣಪ್ಪ ಉಪ್ಪೂರರ ಗರಡಿಯಲ್ಲಿ ಪಳಗಿ, ಕೋಟದ ಅಮೃತೇಶ್ವರಿ ಮೇಳದಲ್ಲಿ ಹಾಡಿ, ಆಮೇಲೆ ಸಾಲಿಗ್ರಾಮ ಮೇಳದಲ್ಲಿ ಮೆರೆದ ಭಾಗವತರು. ಇಪ್ಪತ್ತೈದು ದಾಟುವ ಮೊದಲೇ ಡೇರೆ ತುಂಬಿಸುತ್ತಿದ್ದರು. ನಾವು ಕೇಳದ ರಾಗಗಳನ್ನು ತಂದರು, ಸ್ವತಃ ಪ್ರಸಂಗ ಬರೆದರು, 'ನಾಗಶ್ರೀ' ಅವರದೇ. ಹಿರಿಯರು ಗೊಣಗಿದರು, ಇದೆಂಥ ಸಿನೆಮಾ ಹಾಡಿನ ಹಾಗೆ ಎಂದರು. ಹಿರಿಯರು ಗೊಣಗಿದ್ದಕ್ಕೇ ನಮಗೆ ಇನ್ನಷ್ಟು ರುಚಿ ಹತ್ತಿತು. ಹೋಟೆಲು, ಕ್ಷೌರದಂಗಡಿ, ಟೆಂಪೊ, ಎಲ್ಲೆಲ್ಲೂ ಅವರ ಕ್ಯಾಸೆಟ್ಟು. ನಾನು ಕ್ಷೌರಕ್ಕೆ ಕೂತು ಹಾಡು ಮುಗಿಯುವವರೆಗೆ ಏಳದೆ, ಕ್ಷೌರಿಕನೂ ಬೇಸರವಿಲ್ಲದೆ ಕತ್ತರಿಸುತ್ತ ಹೋಗಿ, ತಿಂಗಳಿಡೀ ಬೋಳುತಲೆಯಲ್ಲಿ ತಿರುಗಿದ್ದುಂಟು.

ಆಟಕ್ಕೆ ಹೋಗುವುದು ಸುಲಭವಿರಲಿಲ್ಲ. ನಮ್ಮ ಹಳೆಯ ಊರು ಕಡಲಬದಿ. ಅಂಕೋಲೆಗೆ ಕೊನೆಯ ಬಸ್ಸಿಗೆ ಹೋದರೆ ಬೆಳಿಗ್ಗೆ ವಾಪಸು ಬರುವುದು ಗೋವೆ ಕಡೆಯ ಮೀನು ಲಾರಿಯಲ್ಲಿ. ಟಿಕೆಟಿನ ದುಡ್ಡು? ಮೊದಲ ಎರಡು ಸಲ ಮನೆಯ ತೆಂಗಿನಕಾಯಿ ಕದ್ದು ಮಾರಿದೆ. ಮೂರನೆಯ ಸಲ ನನ್ನ ಅಪ್ಪ, ಎಂದರೆ ನಿನ್ನ ಮುತ್ತಜ್ಜ, ಮರದ ಬುಡದಲ್ಲೇ ಕೂತಿದ್ದ. ಹೊಡೆಯಲಿಲ್ಲ, ಅದೇ ದೊಡ್ಡ ಹೆದರಿಕೆ. "ಆಟಕ್ಕೆ ಹೋಗು, ಅಡ್ಡಿಲ್ಲ. ದುಡ್ಡು ನೀನು ದುಡಿ. ಮಾರನೆಯ ಬೆಳಿಗ್ಗೆ ಎಲ್ಲರೊಂದಿಗೆ ಬಲೆಗೆ ಬರಬೇಕು. ನಿದ್ದೆ ಎಂದರೆ ಆಟ ಬಂದ್" ಎಂದ. ಇಡೀ ಜನ್ಮದಲ್ಲಿ ಅಪ್ಪ ನನಗೆ ಕೊಟ್ಟ ಉಪದೇಶ ಅಷ್ಟೇ. ಅವನು ಮಾತು ಕಡಿಮೆಯ ಮನುಷ್ಯ.

ಆಗ ರಂಪಣಿ ಪೂರ್ತಿ ಸತ್ತಿರಲಿಲ್ಲ, ಪರ್ಸಿನ್ ಬೋಟುಗಳು ಬಂದು ಅದರ ಕುತ್ತಿಗೆ ಹಿಡಿದಿದ್ದವು ಅಷ್ಟೆ. ಊರಿನ ಗಂಡಸರು ಎರಡು ಸಾಲಾಗಿ ನಿಂತು ಹಗ್ಗ ಎಳೆದರೆ ಬಲೆ ದಡಕ್ಕೆ ಬರುತ್ತಿತ್ತು, ಎಳೆದವರಿಗೆಲ್ಲ ಪಾಲು. ನನ್ನ ಪಾಲಿನ ಬಂಗುಡೆ ಮಾರಿ ನೆಲದ ಟಿಕೆಟು ತೆಗೆದೆ. ಮೈಯೆಲ್ಲ ಮೀನಿನ ವಾಸನೆ, ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೇನು! ಚಂಡೆಗೆ ಮೊದಲ ಪೆಟ್ಟು ಬಿದ್ದ ಕೂಡಲೇ ನಾನು ಇಂದ್ರಲೋಕದ ಪ್ರಜೆ. ಕದ್ದ ಕಾಯಿಯ ದುಡ್ಡಿನಲ್ಲಿ ನೋಡಿದ ಎರಡು ಆಟದ ಪ್ರಸಂಗ ಯಾವುದೆಂದು ಈಗ ಕೇಳಿದರೆ ಬಾಯಿ ಬಿಡುತ್ತೇನೆ. ಬಂಗುಡೆಯ ದುಡ್ಡಿನ ಆಟ ಮಾತ್ರ ಪೀಠಿಕೆಯಿಂದ ಮಂಗಳದವರೆಗೆ ನೆನಪಿದೆ. ನಿನ್ನ ಹಾಸ್ಟೆಲ್ ದುಡ್ಡಿನ ವಿಷಯ ನಾನು ಇಷ್ಟರಲ್ಲೇ ಮುಗಿಸುತ್ತೇನೆ.

ಈಗ ಮೇಳ ನನಗೆ ಏನು ಮಾಡಿತು ಎಂಬುದನ್ನು ಕೇಳು. ಮೊಟ್ಟಮೊದಲು ಬಾಯಿ ಕೊಟ್ಟಿತು. ಕಾರವಾರದ ಈ ಸೀಮೆಯ ಸಂಗತಿ ನಿನಗೆ ಗೊತ್ತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲೂ ಕೊಂಕಣಿ, ಶಾಲೆಯಲ್ಲಿ ಮಾತ್ರ ಕನ್ನಡ. ನನ್ನ ಕನ್ನಡದಲ್ಲಿ ಅಜ್ಜಿ "ಬಂತು", ದನ "ಬಂದಳು". ತರಗತಿಯಲ್ಲಿ ಎದ್ದು ನಿಂತರೆ ನಗು. ಆಮೇಲೆ ರಾತ್ರಿಯಿಡೀ ಅರ್ಥಗಾರಿಕೆ ಕೇಳತೊಡಗಿದೆ. ಕೈಯಲ್ಲಿ ಪುಸ್ತಕವಿಲ್ಲ, ಬರೆದಿಟ್ಟ ಮಾತಿಲ್ಲ, ಭಾಗವತರು ಪದ್ಯ ಹೇಳಿ ನಿಲ್ಲಿಸಿದರೆ ವೇಷಧಾರಿ ಅಲ್ಲೇ ನಿಂತು ಮಾತು ಹೆಣೆಯಬೇಕು. ಎದುರಿನವನು ತಿರುಗಿ ಕೇಳುತ್ತಾನೆ, ಇವನು ಕೊಕ್ಕೆ ಹಾಕುತ್ತಾನೆ. ಆ ಕನ್ನಡ ನನ್ನ ಕಿವಿಯಿಂದ ಇಳಿದು ನಾಲಗೆಗೆ ಬಂತು. ಸ್ವಲ್ಪ ಜಾಸ್ತಿಯೇ ಬಂತು. ಆಕಳಿನ ಮೇಲೆ ಪ್ರಬಂಧ ಬರೆಯಿರಿ ಎಂದರೆ "ಎಲೈ ಗೋಮಾತೆಯೇ, ನಿನ್ನ ಮಹಿಮೆಯನ್ನು ಬಣ್ಣಿಸಲು ಸಾವಿರ ನಾಲಗೆಯ ಶೇಷನಿಗೂ ಸಾಧ್ಯವೇ" ಎಂದು ಶುರು ಮಾಡಿದ್ದೆ. ಮಾಸ್ತರರು ಓದುತ್ತ ಓದುತ್ತ ನಕ್ಕು ಕಣ್ಣು ಒರೆಸಿಕೊಂಡರು, ಹಿಂದೆಂದೂ ಕೊಡದಷ್ಟು ಅಂಕ ಕೊಟ್ಟರು. ಅಂದಿನಿಂದ ತರಗತಿಯಲ್ಲಿ ನನ್ನನ್ನು ನೋಡಿ ನಗುವವರು ಕಡಿಮೆಯಾದರು. ನನ್ನ ಮಾತಿಗೆ ನಗುವವರು ಹೆಚ್ಚಾದರು. ಎರಡಕ್ಕೂ ಎಷ್ಟು ಅಂತರವಿದೆ ಎಂದು ಆ ವಯಸ್ಸಿನಲ್ಲಿ ತಿಳಿದವನಿಗೇ ಗೊತ್ತು.

ಅದೇ ಬಾಯಿ ನನಗೆ ಕಂಡಕ್ಟರ್ ಕೆಲಸಕ್ಕೆ ಬಂತು. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಹೆದ್ದಾರಿಯಲ್ಲಿ ಟಿಕೆಟು ಹರಿದೆ. ಬಿಣಗಾ, ಅರಗಾ, ಚೆಂಡಿಯಾ, ಅಮದಳ್ಳಿ, ತೋಡೂರು, ಮುದಗಾ, ಹಾರವಾಡ, ಅವರ್ಸಾ ಎಂದು ನಾನು ಕೂಗುವುದೇ ಒಂದು ಪದ್ಯದ ಹಾಗೆ ಎಂದು ಪ್ರಯಾಣಿಕರು ತಮಾಷೆ ಮಾಡುತ್ತಿದ್ದರು. ಮಾಡಲಿ. ಆದರೆ ಕೂಗುವುದಕ್ಕಿಂತ ದೊಡ್ಡದೊಂದನ್ನು ನಾನು ನಾವಡರಿಂದ ಕಲಿತದ್ದು ಯಾರಿಗೂ ಕಾಣಲಿಲ್ಲ. ಭಾಗವತನನ್ನು ಮೊದಲನೆಯ ವೇಷ ಎನ್ನುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ, ತಾಳ ಹಿಡಿದು ಹಿಂದೆ ಕೂತಿರುತ್ತಾನೆ. ಇಡೀ ರಂಗಸ್ಥಳ ಅವನ ಕಣ್ಣಿನಲ್ಲಿ. ಕುಣಿಯುವವನಿಗೆ ದಮ್ಮು ಹತ್ತಿದರೆ ಪದ್ಯ ಎಳೆದು ಉಸಿರಾಡಿಸುತ್ತಾನೆ, ಹುಮ್ಮಸ್ಸು ಬಂದರೆ ಇನ್ನೊಂದು ಆವರ್ತ ಕೊಡುತ್ತಾನೆ, ಮಾತು ಅಡ್ಡದಾರಿ ಹಿಡಿದರೆ ಮುಂದಿನ ಪದ್ಯ ಎತ್ತಿಬಿಡುತ್ತಾನೆ. ಬಸ್ಸಿನಲ್ಲಿ ಕಂಡಕ್ಟರೂ ಹಿಂದೆಯೇ ನಿಲ್ಲುವವನು. ಬಸುರಿ ಹೆಂಗಸು ಹತ್ತಿದಳೋ, ಕುಡಿದವನು ಕಾಲು ಕೆದರುತ್ತಿದ್ದಾನೋ, ಶಾಲೆಯ ಹುಡುಗಿ ಯಾಕೆ ಜಾಗ ಬದಲಿಸಿದಳೋ, ಎಲ್ಲ ನೋಡಬೇಕು, ಸೀಟಿ ಯಾವಾಗ ಊದಬೇಕೆಂದು ತಿಳಿಯಬೇಕು. ನಾನು ಒಳ್ಳೆಯ ಕಂಡಕ್ಟರ್ ಎನ್ನಿಸಿಕೊಂಡೆ. ಗುರು ಯಾರೆಂದು ಡಿಪೋದಲ್ಲಿ ಯಾರೂ ಕೇಳಲಿಲ್ಲ.

ಹೀಗೆ ಹೇಳುತ್ತ ಹೋದರೆ ಅಜ್ಜ ದೊಡ್ಡ ಸಂಪನ್ನ ಎಂದುಕೊಳ್ಳುತ್ತೀ. ತಡಿ. ವೇಷಧಾರಿ ಚಿಟ್ಟಾಣಿಯವರ ಭಸ್ಮಾಸುರ ನೋಡಿ ಬಂದ ಮಾರನೆಯ ವಾರ, ತಲೆಗೆ ಟವೆಲ್ಲು ಸುತ್ತಿ, ಅಂಗಳದಲ್ಲಿ ಕಣ್ಣು ಹೊರಳಿಸಿ, ಕೈಯನ್ನು ನೆತ್ತಿಗೆ ತರುತ್ತ ಗಿರಕಿ ಹೊಡೆದು ತುಳಸಿಕಟ್ಟೆಗೆ ಬಡಿದುಕೊಂಡೆ. ಭಸ್ಮವಾಗಲಿಲ್ಲ, ಮುಂಗೈ ಮುರಿಯಿತು. ಆರು ವಾರ ಪಟ್ಟು ಕಟ್ಟಿಕೊಂಡು ಕೂತಾಗ ಗೊತ್ತಾಯಿತು, ನಾನು ಹೊತ್ತು ತಂದದ್ದು ಅವರ ಕಣ್ಣಿನ ಹೊರಳು, ಕೈಯ ಬೀಸು ಮಾತ್ರ. ಅದರ ಅಡಿಯಲ್ಲಿದ್ದ ತಾಳ ನನಗೆ ಸಿಕ್ಕಿರಲಿಲ್ಲ. ಹೊಸಾಕುಳಿಯ ಕಡೆಯ ಬಡತನದಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಬೇಗ ಎನ್ನುವ ಹಾಗೆ ಬೆಳೆದ ಮನುಷ್ಯ 2012ರಲ್ಲಿ ಪದ್ಮಶ್ರೀ ತೆಗೆದುಕೊಂಡರು, 2017ರಲ್ಲಿ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ವರ್ಷದಲ್ಲೂ ಗೆಜ್ಜೆ ಕಟ್ಟಿದ್ದರು. ನಿನ್ನ ಕೋಣೆಯಲ್ಲಿ ಮೂಲೆಗೆ ಒರಗಿಸಿಟ್ಟ ಗಿಟಾರಿಗೆ ಮೂರು ತಂತಿ ಮಾತ್ರ ಇವೆ ಎಂದು ನಿನ್ನ ಅಜ್ಜಿ ಹೇಳಿದಳು. ಪಂಚೆ ಮಾತ್ರ ಐದು ಕೊಂಡಿದ್ದೀಯಂತೆ.

ಇನ್ನೊಂದು ಕೇಡೂ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಟ ನೋಡಿ ನೇರ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಕಣ್ಣು ಉರಿ, ಕಿವಿಯಲ್ಲಿ ಮದ್ದಳೆ. ಕಾರವಾರ ಮುಟ್ಟುವಾಗ ಲೆಕ್ಕ ನೋಡಿದರೆ ದುಡ್ಡು ಕಡಿಮೆ. ಯಾರಿಗೆ ಚಿಲ್ಲರೆ ಜಾಸ್ತಿ ಕೊಟ್ಟೆ, ಯಾರಿಗೆ ಟಿಕೆಟೇ ಕೊಡಲಿಲ್ಲ, ದೇವರಿಗೆ ಗೊತ್ತು. ಕೈಯಿಂದ ಕಟ್ಟಿದೆ, ಆ ತಿಂಗಳು ನಿನ್ನ ಅಜ್ಜಿ ಅಂಗಡಿಯಲ್ಲಿ ಸಾಲ ಬರೆಸಿದಳು. ಅಪ್ಪ ಆಗ ಬದುಕಿದ್ದ. ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಬಲೆ ಎಳೆಯುವಾಗ ನಿದ್ದೆ ಮಾಡಿದರೆ ಮೀನು ಹೋಗುತ್ತದೆ, ಬಸ್ಸಿನಲ್ಲಿ ನಿದ್ದೆ ಮಾಡಿದರೆ?" ಎಂದು ಕೇಳಿ ತಾನೇ ಸುಮ್ಮನಾದ. ಅಂದಿನಿಂದ ಮಾರನೆಯ ದಿನ ರಜೆ ಸಿಗದಿದ್ದರೆ ಆಟಕ್ಕೆ ಹೋಗಲಿಲ್ಲ. ಒಂದೆರಡು ಸಲ ತಪ್ಪಿಸಿಕೊಂಡ ಆಟ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಉರಿಯಲಿ.

ನೀನು ಕೇಳಬಹುದು, ಮೇಳದ ಯಾವ ಭಾಗ ಮನುಷ್ಯನನ್ನು ತಿದ್ದುತ್ತದೆ ಅಜ್ಜಾ ಎಂದು. ನನ್ನ ಮಟ್ಟಿಗೆ ಹೇಳುವುದಾದರೆ ಚೌಕಿ, ಎಂದರೆ ವೇಷ ಕಟ್ಟುವ ಜಾಗ. ಒಮ್ಮೆ ನಡುರಾತ್ರಿ ಡೇರೆಯ ಹಿಂದಿನಿಂದ ನುಸುಳಿ ಚೌಕಿಯೊಳಗೆ ತಲೆ ಹಾಕಿದೆ. ರಂಗಸ್ಥಳದಲ್ಲಿ ಹೂಂಕರಿಸಿ ಬಂದ ರಾಕ್ಷಸ ಪೆಟ್ಟಿಗೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ಸ್ತ್ರೀವೇಷದವರಿಗೆ ಜ್ವರ, ಶಾಲು ಹೊದ್ದು ಗಂಜಿ ನೀರು ಕುಡಿಯುತ್ತಿದ್ದರು, ಹೆಸರು ಕರೆದ ಕೂಡಲೇ ಶಾಲು ಕಿತ್ತೆಸೆದು ನಗುಮುಖ ಹೊತ್ತು ಹೊರಟರು. ಇನ್ನೊಬ್ಬರು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಸಂಜೆ ಕೋಡಂಗಿ ಕುಣಿದ ಪುಟ್ಟ ಹುಡುಗರು, ನನಗಿಂತ ಸಣ್ಣವರು, ನಿದ್ದೆಗಣ್ಣಿನಲ್ಲಿ ದಗಲೆ ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದರು. ಒಬ್ಬ ಮುದುಕ ಕಲಾವಿದರು ನನ್ನನ್ನು ಕಂಡರು. ಓಡಿಸುತ್ತಾರೆ ಎಂದುಕೊಂಡರೆ, ತಲೆಯ ಮುಂಡಾಸು ಬಿಗಿಯುತ್ತಿದ್ದ ಹಗ್ಗದ ತುದಿ ನನ್ನ ಕೈಗೆ ಕೊಟ್ಟು "ಹಿಡಿ, ಬಿಡಬೇಡ" ಎಂದರು. ಹಿಡಿದೆ. ಎಷ್ಟು ಬಿಗಿ ಎಂದರೆ ಅವರ ಹಣೆಯ ನರ ಉಬ್ಬಿತು. ಆ ಬಿಗಿಯಲ್ಲಿ ತಾಸುಗಟ್ಟಲೆ ಕುಣಿದರು. ನಾನು ಚಪ್ಪಾಳೆ ಹೊಡೆಯಲಿಲ್ಲ ಆ ಹೊತ್ತು. ಕೈಯಲ್ಲಿ ಹಗ್ಗದ ಗುರುತು ನೋಡುತ್ತ ಕೂತಿದ್ದೆ.

ಹತ್ತಿರ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಗೋಕರ್ಣದ ಸುಬ್ರಹ್ಮಣ್ಯ ಧಾರೇಶ್ವರರೇ ಸಾಕ್ಷಿ. ಅಮೃತೇಶ್ವರಿ ಮೇಳಕ್ಕೆ ದೀಪದ ಕೆಲಸಕ್ಕೆಂದು ಹೋದವರು. ವೈರು ಎಳೆಯುತ್ತ, ಬಲ್ಬು ಉರಿಸುತ್ತ ಉಪ್ಪೂರರ ಹಾಡು ಕೇಳಿದರು, ಕಲಿತರು, ಭಾಗವತರಾದರು. ಪೆರ್ಡೂರು ಮೇಳದಲ್ಲಿ ಅವರ ಪದ್ಯಕ್ಕೆ ಕಾದು ಕೂತವರಲ್ಲಿ ನಾನೂ ಇದ್ದೆ. 2024ರಲ್ಲಿ ತೀರಿಕೊಂಡರು. ನಿನ್ನ ಬ್ಯಾಂಡಿನಲ್ಲೂ ಸೌಂಡಿನ ಪೆಟ್ಟಿಗೆ ಹೊರುವವರು, ವೈರು ಸುತ್ತುವವರು ಇರುತ್ತಾರೆ. ಗಾಯಕರ ಶರ್ಟಿನ ಬಣ್ಣ ಊರೂರಿನ ಲೆಕ್ಕದಲ್ಲಿ ಹೇಳುತ್ತೀ. ಒಂದು ಸಂಜೆ ಎರಡು ತಾಸು ಮೊದಲು ಹೋಗಿ, ಗೇಟಿನ ಹತ್ತಿರ ನಿಂತು, ಅವರು ಇಳಿಸುವುದು ಜೋಡಿಸುವುದು ನೋಡು. ಕರೆದರೆ ಒಂದು ಪೆಟ್ಟಿಗೆ ಹೊರು. ಬೆನ್ನು ನೋಯಲಿ ಸ್ವಲ್ಪ.

ಅಭಿಮಾನಿಗಳ ಜಗಳದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಮೊಬೈಲಿನಲ್ಲಿ ಯಾರೊಂದಿಗೋ ಬಡಿದಾಡುವುದನ್ನು ನಾನು ಓರೆಗಣ್ಣಲ್ಲಿ ನೋಡಿದ್ದೇನೆ. ನನಗೊಬ್ಬ ಗೆಳೆಯನಿದ್ದ, ನಾವಿಬ್ಬರೂ ಒಂದೇ ಚಾಪೆಯಲ್ಲಿ ಕೂತು ಆಟ ನೋಡಿದವರು. ಅವನು ಕೆರೆಮನೆ ಶಂಭು ಹೆಗಡೆಯವರ ಕಡೆ, ನಾನು ಚಿಟ್ಟಾಣಿಯವರ ಕಡೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಶಂಭು ಹೆಗಡೆಯವರ ಕೈಗೆ ಬಂದಿತ್ತು. ಅವರು ದಿಲ್ಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದವರು, ತೂಕದ ಮಾತು, ಅಳೆದ ಹೆಜ್ಜೆ. "ನಿನ್ನ ಚಿಟ್ಟಾಣಿ ಕುಣಿದದ್ದೇ ಕುಣಿದದ್ದು, ಪಾತ್ರ ಎಲ್ಲಿದೆ?" ಎಂದ ಅವನು. "ನಿನ್ನ ಹೆಗಡೆಯವರು ಯೋಚನೆ ಮಾಡಿ ಮುಗಿಸುವಾಗ ಬೆಳಗಾಗುತ್ತದೆ" ಎಂದೆ ನಾನು. ಮಾತು ಬೆಳೆಯಿತು, ಅಪ್ಪ ಅಮ್ಮನವರೆಗೆ ಹೋಯಿತು. ಅವನು ಮುಂಬಯಿಗೆ ಕೆಲಸಕ್ಕೆ ಹೋದ, ಮಾತು ಬಿಟ್ಟು ವರ್ಷಗಳೇ ಕಳೆದವು. ಆ ಇಬ್ಬರು ಕಲಾವಿದರಿಗೆ ನಮ್ಮ ಜಗಳ ಗೊತ್ತೇ ಇರಲಿಲ್ಲ ಮಾರಾಯ! 2009ರ ಫೆಬ್ರವರಿಯಲ್ಲಿ ಇಡಗುಂಜಿಯ ತೇರಿನ ಹೊತ್ತಿಗೆ ಲವಕುಶದ ರಾಮನಾಗಿ ವೇಷ ಕಟ್ಟಿದ್ದ ಶಂಭು ಹೆಗಡೆಯವರು ಅಲ್ಲೇ ಕುಸಿದು ಹೋದರು. ಸುದ್ದಿ ಕೇಳಿ, ಯಾರ್ಯಾರನ್ನೋ ಕೇಳಿ ಗೆಳೆಯನ ಮುಂಬಯಿ ನಂಬರು ಹುಡುಕಿ ಫೋನು ಮಾಡಿದೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ "ರಾಮನ ವೇಷದಲ್ಲಿ ಹೋದರಲ್ಲೋ" ಎಂದ. ಇಬ್ಬರೂ ಅತ್ತೆವು. ನಡುವಿನ ವರ್ಷಗಳನ್ನು ಯಾರು ವಾಪಸು ಕೊಡುತ್ತಾರೆ ಹೇಳು.

ನಾವಡರು ಹೋದದ್ದು ಅದಕ್ಕಿಂತ ಬಹಳ ಮೊದಲು, 1990ರ ಮೇ ತಿಂಗಳಲ್ಲಿ, ರಸ್ತೆ ಅಪಘಾತದಲ್ಲಿ. ಮೂವತ್ತೆರಡರ ಆಸುಪಾಸು ವಯಸ್ಸು. ಕುಮಟೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಕಿಟಕಿಯಲ್ಲಿ ಯಾರೋ ಹೇಳಿದರು. ಟಿಕೆಟ್ ಟ್ರೇ ಕೈಯಲ್ಲಿತ್ತು. ಹೊನ್ನಾವರದವರೆಗೆ ಹರಿದೆ, ಚಿಲ್ಲರೆ ಕೊಟ್ಟೆ, ಸೀಟಿ ಊದಿದೆ. ಅಂದು ಒಂದು ಪೈಸೆಯೂ ಲೆಕ್ಕ ತಪ್ಪಲಿಲ್ಲ. ಯಾಕೆ ತಪ್ಪಲಿಲ್ಲ ಎಂದು ನನಗೇ ಆಶ್ಚರ್ಯ. ಮನೆಗೆ ಬಂದು ಕ್ಯಾಸೆಟ್ಟುಗಳನ್ನು ಟ್ರಂಕಿನಲ್ಲಿ ಹಾಕಿ ಬೀಗ ಜಡಿದೆ. ಎರಡು ತಿರುಗಾಟ ಯಾವ ಆಟಕ್ಕೂ ಹೋಗಲಿಲ್ಲ. ಬೇರೆ ಯಾರು ಹಾಡಿದರೂ ಕಿವಿ ಮುಚ್ಚಿದೆ. ಅದು ನಿಷ್ಠೆ ಎಂದುಕೊಂಡಿದ್ದೆ, ಹಟ ಅಷ್ಟೆ.

ಟ್ರಂಕು ತೆರೆದದ್ದು ಊರು ಬಿಟ್ಟ ಮೇಲೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತ್ತು. ಕಡಲಬದಿಯ ಊರುಗಳು ಏಳುವ ಸರದಿ ಮುಂದೆ ಬಂತು. ನಮ್ಮ ಮನೆಯ ಸಾಮಾನು ಈ ತೋಡೂರಿನ ಕಾಲೋನಿಗೆ ಲಾರಿಯಲ್ಲಿ ಬಂತು. ಒಂದೇ ಕೇರಿಯವರು ಚೆದುರಿ ಹೋದೆವು, ಒಬ್ಬರು ಮುದಗಾ, ಒಬ್ಬರು ಹಾರವಾಡ, ಒಬ್ಬರು ಕಾರವಾರದ ಆಚೆ. ಹೊಸ ಜಾಗದಲ್ಲಿ ನೆರೆಯವರ ಹೆಸರು ಗೊತ್ತಿಲ್ಲ, ಗಿಡಗಳೆಲ್ಲ ಮೊಣಕಾಲೆತ್ತರ, ಸಂಜೆಗೆ ಸಮುದ್ರದ ಸದ್ದಿಲ್ಲ. ಒಂದು ಸಂಜೆ ಬೇಸರಕ್ಕೆ ಟ್ರಂಕು ತೆರೆದು ಟೇಪಿಗೆ ಕ್ಯಾಸೆಟ್ಟು ಹಾಕಿದೆ. ಮೊದಲ ಪದ್ಯ ಮುಗಿಯುವ ಮೊದಲೇ ಹಿಂದಿನ ಸಾಲಿನ ಮನೆಯವನು ಬಂದು ಬೇಲಿಯ ಆಚೆ ನಿಂತ. "ನಾವಡರಲ್ಲವಾ?" ಎಂದ. ಒಳಗೆ ಬಾ ಎಂದೆ. ಮಾರನೆಯ ದಿನ ಇನ್ನಿಬ್ಬರು. ಮಳೆ ಮುಗಿಯುವುದರೊಳಗೆ ಅಂಕೋಲೆಯ ಆಟಕ್ಕೆ ಹೋಗಲು ಒಂದು ಟೆಂಪೊ ತುಂಬುವಷ್ಟು ಜನ. ಅಂಕೋಲೆಯ ಡೇರೆಯಲ್ಲಿ ನೋಡಿದರೆ ಮುದಗಾದವರೂ ಬಂದಿದ್ದಾರೆ, ಹಾರವಾಡದವರೂ ಬಂದಿದ್ದಾರೆ! ನಮ್ಮ ಹಳೆಯ ಕೇರಿ ಇಡೀ ಚಾಪೆ ಹಾಸಿಕೊಂಡು ಕೂತಿತ್ತು. ಆ ರಾತ್ರಿ ಯಾವ ಪ್ರಸಂಗ, ಯಾರ ಪಾತ್ರ, ಒಂದೂ ನೆನಪಿಲ್ಲ. ಯಾರ ಮಗಳಿಗೆ ಎಲ್ಲಿ ಸಂಬಂಧ ಆಯಿತು, ಯಾರ ಅಪ್ಪ ತೀರಿಕೊಂಡ, ಯಾರ ಹೊಸ ಬಾವಿಗೆ ನೀರು ಬಿತ್ತು, ಅದೆಲ್ಲ ನೆನಪಿದೆ. ಚಂಡೆ ಜೋರಾದಾಗ ನಾವು ಇನ್ನೂ ಜೋರಾಗಿ ಮಾತಾಡಿದೆವು, ಮುಂದಿನವರು ಬ್ಯಾಟರಿ ಬಿಟ್ಟು ಗದರಿಸಿದರು. ನಿನ್ನೊಂದಿಗೆ ಮೂರು ಊರಿಗೆ ಬಂದ ಆ ಇಬ್ಬರು ಹುಡುಗರು, ಅವರ ಮನೆ ಎಲ್ಲಿ, ತಂದೆತಾಯಿ ಏನು ಮಾಡುತ್ತಾರೆ ಎಂದು ಕೇಳಿದರೆ ನೀನು ತಲೆ ಕೆರೆದುಕೊಂಡೆ. ಕೇಳಿಕೊಳ್ಳಬೇಕೋ ಇಂಥದ್ದನ್ನು. ಹಾಡು ಕೇಳುವಾಗ ಬೇಡ, ವಾಪಸು ಬರುವ ರೈಲಿನಲ್ಲಿ ಕೇಳು.

ನನ್ನದೊಂದು ತಪ್ಪನ್ನು ಬಾಕಿ ಇಟ್ಟಿದ್ದೇನೆ. ನಾನು ಕೋಟ, ಸಾಲಿಗ್ರಾಮ, ಹೊನ್ನಾವರ ಎಂದು ಓಡಾಡುವ ಕಾಲದಲ್ಲೇ ಅಂಕೋಲೆಯ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳ ಕಣಜವನ್ನೇ ತಲೆಯಲ್ಲಿ ಇಟ್ಟುಕೊಂಡು ಬದುಕಿದ್ದರು. ಕೊರಳ ತುಂಬ ಕರಿಮಣಿ ಹಾಕಿದ ಹಾಲಕ್ಕಿ ಹೆಂಗಸರು ತರಕಾರಿ ಬುಟ್ಟಿ ಹೊತ್ತು ನನ್ನ ಬಸ್ಸಿಗೆ ದಿನವೂ ಹತ್ತುತ್ತಿದ್ದರು, ಹಿಂದಿನ ಸೀಟಿನಲ್ಲಿ ಗುನುಗುತ್ತಿದ್ದರು. ಬುಟ್ಟಿಗೆ ಲಗೇಜು ಹಾಕಬೇಕೋ ಬೇಡವೋ ಎಂಬುದರಲ್ಲೇ ನನ್ನ ಲಕ್ಷ್ಯ. ಸುಕ್ರಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನಲ್ಲಿ ಫೋಟೊ ನೋಡಿ, ಇಷ್ಟು ಹತ್ತಿರ ಇದ್ದೂ ಒಂದು ಹಾಡನ್ನು ಕಿವಿಗೊಟ್ಟು ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆಮೇಲಾದರೂ ಹೋದೆನೋ? ಇವತ್ತು ನಾಳೆ ಎಂದೆ. 2025ರ ಫೆಬ್ರವರಿಯಲ್ಲಿ ಅವರೂ ಹೋದರು. ಒಂದೇ ಕಡೆ ನೆಟ್ಟ ಕಿವಿಗೆ ಇಂಥ ಕಿವುಡು ಬರುತ್ತದೆ ತಮಾ. ನೀನು ಶರೀಫರ ಪದವನ್ನು ಗಿಟಾರಿನೊಂದಿಗೆ ಕೇಳಿದ್ದೀ, ಒಳ್ಳೆಯದಾಯಿತು. ಶಿಶುನಾಳ ಎಲ್ಲಿದೆ ಗೊತ್ತೋ? ಘಟ್ಟ ಹತ್ತಿದರೆ ಹಾವೇರಿ ಜಿಲ್ಲೆಯ ಶಿಗ್ಗಾವಿ ಕಡೆ. ಲಂಡನ್ನಿನ ಕಾರ್ಯಕ್ರಮದ ತಾರೀಖು ಹೇಳುವವನು ಶಿಶುನಾಳಕ್ಕೆ ಎಷ್ಟು ಕಿಲೋಮೀಟರ್ ಎಂದರೆ ಮೊಬೈಲು ತೆಗೆದೆ. ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬಾ, ಯಾವುದಾದರೂ ಕಟ್ಟೆಯ ಮೇಲೆ ಏಕತಾರಿ ಹಿಡಿದ ಮುದುಕ ಸಿಕ್ಕರೆ ಕೂತು ಕೇಳು. ಬಸ್ ಚಾರ್ಜು ನಾನು ಕೊಡುತ್ತೇನೆ. ಹಾಸ್ಟೆಲ್ ದುಡ್ಡು ಮುಟ್ಟಬೇಡ.

ನಿನ್ನ ಅಮ್ಮನಿಗೆ ಏನು ಹೇಳಲಿ ಎಂದು ಎರಡು ದಿನ ಯೋಚಿಸಿದೆ. ಬ್ಯಾಂಡು ಬಿಡಿಸು ಎಂದು ಅವಳ ಬೇಡಿಕೆ. ಬಿಡಿಸುವುದು ನನ್ನಿಂದ ಆಗದ ಕೆಲಸ, ಆಗಿದ್ದರೂ ಮಾಡುತ್ತಿರಲಿಲ್ಲ. ಹುಡುಗ ರಜೆಯಲ್ಲಿ ದುಡಿದು ಹಾಸ್ಟೆಲಿನ ದುಡ್ಡು ತುಂಬಿಕೊಡುತ್ತಾನೆ ಎಂದು ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ. ಹೇಗೆ ದುಡಿಯುತ್ತೀಯೋ ನಿನಗೆ ಬಿಟ್ಟದ್ದು. ಈಗ ರಂಪಣಿಯೂ ಇಲ್ಲ, ಎಳೆಯಲು ನಿನ್ನ ತೋಳಿನಲ್ಲಿ ಕಸುವೂ ಇಲ್ಲ. ಇಲ್ಲಿ ನಮ್ಮ ಮನೆಯ ತೆಂಗಿನಕಾಯಿ ಸುಲಿಯುವ ಕೆಲಸ ಖಾಲಿ ಇದೆ, ಕೂಲಿ ಎಣಿಸಿ ಕೊಡುತ್ತೇನೆ. ಕದಿಯುವ ವಿಚಾರ ಬೇಡ, ಮರದ ಬುಡದಲ್ಲಿ ಕೂರುವ ಸರದಿ ಈಗ ನನ್ನದು.

ದೀಪಾವಳಿ ಕಳೆದ ಮೇಲೆ ಬಾ. ಈಗಿನ ಆಟಗಳು ಹೆಚ್ಚಿನವು ಕಾಲಮಿತಿಯವು, ಮೂರು ನಾಲ್ಕು ತಾಸಿಗೆ ಮಂಗಳ. ನನಗೆ ಅವು ಊಟಕ್ಕೆ ಕರೆದು ಉಪ್ಪಿನಕಾಯಿ ಕೊಟ್ಟು ಕಳಿಸಿದ ಹಾಗೆ. ಇಡೀ ರಾತ್ರಿಯ ಹರಕೆ ಆಟ ಎಲ್ಲಾದರೂ ಇದ್ದರೆ ವಿಚಾರಿಸಿ ಇಟ್ಟಿರುತ್ತೇನೆ. ಮುಂಬಯಿಯ ಗೆಳೆಯನೂ ನಿವೃತ್ತಿಯಾಗಿ ಊರಿಗೆ ಬಂದಿದ್ದಾನೆ, ಅವನ ಪಕ್ಕ ನಿನಗೆ ಜಾಗ. ಚಿಟ್ಟಾಣಿ ದೊಡ್ಡವರೋ ಶಂಭು ಹೆಗಡೆ ದೊಡ್ಡವರೋ ಎಂದು ಅವನು ಕೇಳಿದರೆ ಬಾಯಿ ಬಿಡಬೇಡ, ಚುರುಮುರಿ ತಿನ್ನುತ್ತಿರು. ನಡುರಾತ್ರಿ ಕಳೆದ ಮೇಲೆ ನಿನಗೆ ನಿದ್ದೆ ಬರುತ್ತದೆ, ನನ್ನ ಹೆಗಲಿಗೆ ಒರಗು, ಒಳ್ಳೆಯ ಪದ್ಯ ಬಂದಾಗ ಎಬ್ಬಿಸುತ್ತೇನೆ. ಬೆಳಿಗ್ಗೆ ಏಳು ಗಂಟೆಗೆ ತೋಟಕ್ಕೆ ನೀರು ಬಿಡುವ ಪಾಳಿ ಮಾತ್ರ ನಿನ್ನದು. ಪಂಪಿನ ಬೆಲ್ಟು ಸಡಿಲವಾಗಿದೆ, ಶುರು ಮಾಡುವಾಗ ಎರಡು ಸಲ ಒದೆಯಬೇಕು.